ನಾಲ್ಕೂಕಾಲು ಓಕಾ ತೂಕದ ಮಗು

ದ್ರೆನೊವ್ ದೋಲ್ ಹಳ್ಳಿಯಲ್ಲಿ ಗಾಡಿಯ ಗಾಲಿ ಮಾಡುತ್ತಿದ್ದ ಪೆಂಚೊನ ಹೆಂಡತಿ ರಾಯ್ನಾ ತನ್ನ ಒಬ್ಬನೇ ಮಗನನ್ನು ಹೆತ್ತದ್ದು 1936ನೆಯ ಇಸವಿ ನವೆಂಬರ್ ಹತ್ತನೆಯ ತಾರೀಖು, ಮಂಗಳವಾರ, ಮಧ್ಯಾಹ್ನ ಎರಡು ಗಂಟೆಗೆ. ಅಕ್ಟೋಬರ್ ಇಪ್ಪತ್ತೆಂಟು ಎನ್ನುತ್ತಿದ್ದ ಮುದುಕಿಯರು ಸುಳ್ಳು ಹೇಳುತ್ತಿರಲಿಲ್ಲ. ಅವರದು ಚರ್ಚಿನ ಹಳೆಯ ಪಂಚಾಂಗ, ಅದು ಸರ್ಕಾರದ ಪಂಚಾಂಗಕ್ಕಿಂತ ಹದಿಮೂರು ದಿನ ಹಿಂದೆ. ಆದರೆ ಸೋಮವಾರ ಎನ್ನುವವರ ಮಾತು ತಪ್ಪು. ಸೋಮವಾರ ಬೆಳಿಗ್ಗೆ ಏಳಕ್ಕೆ ಶುರುವಾದದ್ದು ಬೇನೆ. ಮಗು ಬಂದದ್ದು ಮಂಗಳವಾರವೇ. ನಡುವೆ ಮೂವತ್ತೊಂದು ಗಂಟೆ ಕಳೆದಿದ್ದವು.

ರಾಯ್ನಾ 1915ರ ಮಾರ್ಚ್ ತಿಂಗಳಲ್ಲಿ ಹೊಳೆಯಾಚೆಯ ಹಳ್ಳಿಯಲ್ಲಿ ಹುಟ್ಟಿದವಳು. 1934ನೆಯ ಫೆಬ್ರವರಿ ನಾಲ್ಕರ ಭಾನುವಾರ ಮದುವೆಯಾಗಿ ಪೆಂಚೊನ ಮನೆಗೆ ಬಂದಾಗ ಅವಳ ನೆತ್ತಿ ಗಂಡನ ಅಂಗಿಯ ಎರಡನೆಯ ಗುಂಡಿಗೆ ಸಮನಾಗಿತ್ತು. ಸಣ್ಣ ಮೈ, ಕಿರಿದಾದ ಸೊಂಟ, ಬಲು ಚುರುಕಾದ ಬೆರಳುಗಳು. ಉಣ್ಣೆಯ ಪಟ್ಟಿ ನೇಯುವುದರಲ್ಲಿ ಸುತ್ತಿನ ಏಳು ಹಳ್ಳಿಗಳಲ್ಲಿ ಅವಳಿಗೆ ಸರಿಸಮಾನರಿರಲಿಲ್ಲ. ಹೆಂಗಸರ ಸೊಂಟಪಟ್ಟಿಯನ್ನೂ ನೇಯುತ್ತಿದ್ದಳು. ಆದರೆ ಜನ ಹುಡುಕಿಕೊಂಡು ಬರುತ್ತಿದ್ದದ್ದು ಅವಳ ಕಟ್ಟುಪಟ್ಟಿಗಾಗಿ. ಕೂಸನ್ನು ಬಟ್ಟೆಯಲ್ಲಿ ಸುತ್ತಿ, ಎರಡೂ ಕೈಗಳನ್ನು ಪಕ್ಕೆಗೆ ಅಂಟಿಸಿ, ಭುಜದಿಂದ ಹಿಮ್ಮಡಿಯವರೆಗೆ ಬಿಗಿಯುವ, ನಾಲ್ಕು ಬೆರಳಗಲದ ಕೆಂಪು ಪಟ್ಟಿ ಅದು. ದ್ರೆನೊವ್ ದೋಲ್‌ನಲ್ಲಿ ಕಟ್ಟಿಲ್ಲದೆ ಬೆಳೆದ ಮಗುವೇ ಇರಲಿಲ್ಲ. ಕೈಕಾಲು ನೆಟ್ಟಗಾಗಬೇಕಾದರೆ ನಲವತ್ತು ದಿನ ಕಟ್ಟಿನಲ್ಲಿರಬೇಕು ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ರಾಯ್ನಾಳಿಗೂ ಇರಲಿಲ್ಲ.

ಮದುವೆಯಾಗಿ ಎರಡು ವರ್ಷ ಅವಳಿಗೆ ಬಸಿರು ನಿಲ್ಲಲಿಲ್ಲ. ಅತ್ತೆ ಸ್ತಾನಾ ಪಟ್ಟಿ ಕೊಳ್ಳಲು ಬಂದವರ ಎದುರಿಗೇ ಚುಚ್ಚುತ್ತಿದ್ದಳು.

"ಊರ ಮಕ್ಕಳಿಗೆಲ್ಲ ಪಟ್ಟಿ ನೇಯ್ತಾಳೆ ನಮ್ಮ ಸೊಸೆ. ನಮ್ಮನೇಲಿ ಕಟ್ಟೋದಕ್ಕೆ ಬೆಕ್ಕಿನ ಮರಿ ಬಿಟ್ಟು ಇನ್ನೇನೂ ಇಲ್ಲ."

1936ರಲ್ಲಿ ಬಸಿರು ನಿಂತಾಗ ಅದೇ ಸ್ತಾನಾ ಸೊಸೆಯ ತಟ್ಟೆಗೆ ಎರಡು ಪಾಲು ಬಡಿಸತೊಡಗಿದಳು. ಹುರುಳಿಕಾಯಿಯ ಸಾರು, ಬೆಣ್ಣೆ ಸವರಿದ ಜೋಳದ ಗಂಜಿ, ಹಂದಿಯ ಕೊಬ್ಬು, ಒಣಗಿಸಿದ ಪ್ಲಮ್ ಹಣ್ಣು. ಅಕ್ಟೋಬರ್ ಮೂವತ್ತಕ್ಕೆ ದಿನ ತುಂಬಿತು, ಮಗು ಬರಲಿಲ್ಲ. "ಹೊಟ್ಟೆ ಮುಂದೆ ಹೋಗ್ತಾ ಇದೆ, ಹುಡುಗಿ ಹಿಂದೆ ಓಡ್ತಾ ಇದಾಳೆ," ಎಂದು ಬಾವಿಕಟ್ಟೆಯ ಹೆಂಗಸರು ನಕ್ಕರು. ಸ್ತಾನಾ ಮಾತ್ರ ನಗಲಿಲ್ಲ. ಸತ್ತ ತನ್ನ ಗಂಡ ವೆಲ್ಚೊನೇ ಮರಳಿ ಬರುತ್ತಿದ್ದಾನೆ, ಅವನೂ ಹೀಗೆಯೇ ಯಾವುದಕ್ಕೂ ಅವಸರ ಪಡುತ್ತಿರಲಿಲ್ಲ ಎಂದು ನಂಬಿದ್ದಳು.

ಬೇನೆ ಹಿಡಿದದ್ದನ್ನು ಯಾರಿಗೂ ಹೇಳಬಾರದು. ಒಬ್ಬೊಬ್ಬರಿಗೆ ತಿಳಿದಂತೆಲ್ಲ ಒಂದೊಂದು ಗಂಟೆ ಬೇನೆ ಹೆಚ್ಚುತ್ತದೆ. ಆದ್ದರಿಂದ ಸೋಮವಾರ ಬೆಳಿಗ್ಗೆ ಮಗ್ಗದ ಮುಂದೆ ಕುಳಿತಿದ್ದ ರಾಯ್ನಾ ಹಲ್ಲು ಕಚ್ಚಿ ಸೊಂಟ ಹಿಡಿದುಕೊಂಡಾಗ ಸ್ತಾನಾ ಮೊದಲು ಮಾಡಿದ ಕೆಲಸವೆಂದರೆ ಮಗನನ್ನು ಮರ ತರಲು ಕಾಡಿಗೆ ಅಟ್ಟಿದ್ದು. ಆಮೇಲೆ ಸೂಲಗಿತ್ತಿ ಝೆಲಾಳ ಬೇಲಿಯ ಬಳಿ ನಿಂತು, ಬೀದಿಗೆಲ್ಲ ಕೇಳುವಂತೆ, "ಝೆಲಾ, ನಿನ್ನ ಜರಡಿ ಒಂದು ಗಳಿಗೆ ಕೊಡ್ತೀಯೇನೇ?" ಎಂದು ಕೂಗಿದಳು. ಝೆಲಾ ಜರಡಿಯೊಳಗೆ ಕತ್ತರಿ, ನೂಲು, ಎಣ್ಣೆಯ ಕುಡಿಕೆ ಇಟ್ಟುಕೊಂಡು ಹಿತ್ತಲಿನಿಂದ ಬಂದಳು.

ಮುನ್ನೂರಕ್ಕೂ ಹೆಚ್ಚು ಮಕ್ಕಳನ್ನು ಹಿಡಿದ ಕೈ ಅವಳದು. ರಾಯ್ನಾಳ ಹೊಟ್ಟೆಯ ಮೇಲೆ ಅಂಗೈ ಇಟ್ಟವಳು ಅದನ್ನು ಎರಡು ಸಲ ಮೇಲಿಂದ ಕೆಳಗೆ ಸರಿಸಿದಳು.

"ಏನಜ್ಜೀ?" ಎಂದಳು ರಾಯ್ನಾ.

"ಏನೂ ಇಲ್ಲ ಕಂದಾ. ಒಳಗಿರೋನು ಮನೆಗೆ ಬೇಕಾದ ಸಾಮಾನೆಲ್ಲ ಹೊತ್ಕೊಂಡು ಬರ್ತಾ ಇದಾನೆ, ಅಷ್ಟೇ."

ಮನೆಯ ಬೀಗಗಳನ್ನೆಲ್ಲ ತೆಗೆದರು. ಪೆಟ್ಟಿಗೆಗಳ ಮುಚ್ಚಳ ಎತ್ತಿಟ್ಟರು. ರಾಯ್ನಾಳ ಜಡೆ ಬಿಚ್ಚಿದರು, ಅಂಗಿಯ ಗಂಟುಗಳನ್ನು ಬಿಚ್ಚಿದರು, ಮಗ್ಗದ ಮೇಲಿದ್ದ ಅರ್ಧ ನೇಯ್ದ ಪಟ್ಟಿಯ ಎಳೆಗಳನ್ನೂ ಸಡಿಲಿಸಿದರು. ಆ ಮನೆಯಲ್ಲಿ ಬಿಚ್ಚದೆ ಉಳಿದ ಗಂಟೊಂದೂ ಇರಲಿಲ್ಲ. ಆದರೂ ಸೋಮವಾರ ಕಳೆಯಿತು. ಮಂಗಳವಾರ ಬೆಳಗಾಯಿತು. ರಾಯ್ನಾಳ ತುಟಿ ಕಚ್ಚಿ ಕಚ್ಚಿ ಸೀಳಿತ್ತು. ಕೂಗಿದರೆ ನೆರೆಯವರಿಗೆ ತಿಳಿಯುತ್ತದೆಂದು ಸ್ತಾನಾ ಅವಳ ಬಾಯಿಗೆ ಉಣ್ಣೆಯ ಉಂಡೆ ಕೊಟ್ಟಿದ್ದಳು.

ಮಧ್ಯಾಹ್ನ ಎರಡಕ್ಕೆ ಇನ್ನೈದು ನಿಮಿಷವಿದ್ದಾಗ ತಲೆ ಹೊರಬಂತು. ಬಂದದ್ದು ಅಲ್ಲಿಯೇ ನಿಂತುಬಿಟ್ಟಿತು. ಮುಖ ನೀಲಿಯಾಗಿ, ಕೆನ್ನೆ ಉಬ್ಬಿ, ಯಾರೋ ಹಿಂದಿನಿಂದ ಜಗ್ಗಿ ಹಿಡಿದಂತೆ ಕುತ್ತಿಗೆ ಒಳಗೆ ಸೇದಿಕೊಂಡಿತು. ಭುಜ ಸಿಕ್ಕಿಕೊಂಡಿತ್ತು.

"ತಿಣುಕು, ರಾಯ್ನಾ!"

"ಆಗಲ್ಲ ಅಜ್ಜೀ."

"ಆಗಲ್ಲ ಅಂದ್ರೆ ಇಬ್ಬರೂ ಹೋಗ್ತೀರ. ಸ್ತಾನಾ, ಅವಳ ಮಂಡಿ ಎದೆಗೆ ಒತ್ತಿ ಹಿಡಿಯೇ! ಅಳ್ತಾ ನಿಂತ್ಕೊಬೇಡ, ಅಳೋದಕ್ಕೆ ಆಮೇಲೆ ಬೇಕಾದಷ್ಟು ಹೊತ್ತಿದೆ!"

ಝೆಲಾ ಎರಡೂ ಕೈಯಿಂದ ತಲೆಯನ್ನು ಹಿಡಿದು ಕೆಳಗೆ ಎಳೆದಳು. ಬಲಕ್ಕೆ ವಾಲಿಸಿ ಎಳೆದಳು. ಸ್ತಾನಾ ಹೊಟ್ಟೆಯ ಮೇಲೆ ತನ್ನ ಭಾರವನ್ನೆಲ್ಲ ಬಿಟ್ಟಳು. ರಾಯ್ನಾಳಿಗೆ ತನ್ನ ಮೈ ಎಲ್ಲಿಯವರೆಗೋ ಹರಿದುಕೊಂಡು ಹೋಗುತ್ತಿರುವುದು ತಿಳಿಯಿತು. ಆ ನೋವಿನ ನಡುವೆಯೂ ಒಂದು ಸಣ್ಣ ಶಬ್ದ ಅವಳ ಕಿವಿಗೆ ಬಿತ್ತು: ಬಿಗಿದ ಹಾಸಿನ ಎಳೆಯೊಂದು ತುಂಡಾದಾಗ ಮಗ್ಗದಲ್ಲಿ ಕೇಳುವಂಥದು. ಅದಾದ ಮೇಲೆ ಮಗು ಜಾರಿ ಬಂತು.

ಅಳಲಿಲ್ಲ. ಝೆಲಾ ಬಾಯಿಯೊಳಗೆ ಬೆರಳು ಹಾಕಿ ಲೋಳೆ ತೆಗೆದಳು, ಬೆನ್ನಿಗೆ ಬಡಿದಳು, ಎದೆಗೆ ದ್ರಾಕ್ಷಾರಸ ಉಜ್ಜಿದಳು, ತಣ್ಣೀರು ಎರಚಿದಳು. ಬಹಳ ಹೊತ್ತಿನ ಮೇಲೆ ಅದು ಒಮ್ಮೆ ಬಿಕ್ಕಿ, ಗಂಡಸಿನಂಥ ದಪ್ಪ ದನಿಯಲ್ಲಿ ಕೂಗಿತು. ಸ್ತಾನಾ ಗೋಡೆಯ ದೇವರ ಚಿತ್ರಪಟದ ಮುಂದೆ ನೆಲಕ್ಕೆ ಹಣೆ ಹಚ್ಚಿದಳು.

ಆ ಸಂಜೆ ಕಾಡಿನಿಂದ ಮರಳಿದ ಪೆಂಚೊ, ಉಣ್ಣೆ ತೂಗುವ ಕೋಲುತಕ್ಕಡಿಯನ್ನು ತೊಲೆಗೆ ಕಟ್ಟಿ ಮಗನನ್ನು ತೂಗಿದನು. ಬಟ್ಟೆಯ ತೂಕ ಕಳೆದು ನಾಲ್ಕೂಕಾಲು ಓಕಾ. ಹೊಸ ಲೆಕ್ಕದಲ್ಲಿ ಐದು ಕಿಲೋ ನಾನೂರೈವತ್ತು ಗ್ರಾಂ. ಐದೂವರೆ ಎಂದು ಅವನು ಹೆಂಡದಂಗಡಿಯಲ್ಲಿ ಹೇಳಿದ್ದು ಉತ್ಪ್ರೇಕ್ಷೆ. ಕೆಲವರ ಬಾಯಲ್ಲಿ ಅದು ಏಳಕ್ಕೂ ಏರಿತು.

ಮರುದಿನ ಸ್ತಾನಾ ರೊಟ್ಟಿ ಸುಟ್ಟು ಹೆಂಗಸರನ್ನು ಕರೆದಳು. ಅವರು ಕೂಸಿನ ಬಳಿ ಬಂದು, ದೃಷ್ಟಿ ತಾಗದಿರಲೆಂದು ಒಬ್ಬರಿಗಿಂತ ಒಬ್ಬರು ಜೋರಾಗಿ ಬೈದರು.

"ಥೂ ಥೂ, ಎಂಥ ಕುರೂಪಿ! ನಿನ್ನ ಮೇಲೆ ಕೋಳಿ ಹೇತ್ಹಾಕ!"

"ಇದು ಕೂಸಲ್ಲ ಕಣೇ, ಪಾದ್ರಿಯೋರ ಹಂದಿ. ಕ್ರಿಸ್ಮಸ್ಸಿಗೆ ಕೊಯ್ಯೋದೇನೇ ಸ್ತಾನಾ?"

"ರಾಯ್ನಾ, ನಿಜ ಹೇಳೇ, ಇದನ್ನ ನೀನು ಹೆತ್ಯೋ, ಇದೇ ನಿನ್ನನ್ನ ಹೆತ್ತಿತೋ?"

ರಾಯ್ನಾಳೂ ನಕ್ಕಳು. ನಕ್ಕಾಗ ಕೆಳಗೆ ಬೆಂಕಿ ಹೊತ್ತಿದಂತಾಯಿತು. ಕೆಂಪು ಪಟ್ಟಿಯಲ್ಲಿ ಬಿಗಿದ ಕೂಸು ಗೋಡೆಗೆ ಒರಗಿಸಿದ ದಿಂಬಿನಂತೆ ನೇರವಾಗಿ, ಗಂಭೀರವಾಗಿ ಇತ್ತು. ಅದರ ದೊಡ್ಡ ಮುಖವನ್ನಲ್ಲದೆ ಬೇರೇನನ್ನೂ ಯಾರೂ ನೋಡಲಿಲ್ಲ.

ಮೂರನೆಯ ದಿನ, ನವೆಂಬರ್ ಹನ್ನೆರಡರ ಗುರುವಾರ, ಸ್ತಾನಾ ನೀರಿಗೆ ಹೋಗಿದ್ದಾಗ ರಾಯ್ನಾ ಮೊದಲ ಸಲ ತಾನೇ ಕಟ್ಟು ಬಿಚ್ಚಿದಳು. ಕೂಸು ಬಲಗೈಯನ್ನು ಗಾಳಿಯಲ್ಲಿ ಬೀಸಿತು. ಎಡಗೈ ಬಿದ್ದ ಕಡೆ ಬಿದ್ದೇ ಇತ್ತು. ಮೊಣಕೈ ನೆಟ್ಟಗೆ, ಅಂಗೈ ಹಿಂದಕ್ಕೆ ತಿರುಗಿ, ಯಾರಿಂದಲೋ ಕದ್ದು ಏನನ್ನೋ ಇಸಿದುಕೊಳ್ಳುವಂತೆ. ಅವಳು ಅದನ್ನು ಮೆಲ್ಲಗೆ ಎತ್ತಿ ಬಿಟ್ಟಳು. ಬಿತ್ತು. ಮತ್ತೆ ಎತ್ತಿದಳು. ಮತ್ತೆ ಬಿತ್ತು. ಮುತ್ತಿಟ್ಟಳು, ಊದಿದಳು, ಕೊನೆಗೆ ಚಿವುಟಿದಳು. ಕೂಸು ಅವಳ ಮುಖವನ್ನೇ ನೋಡುತ್ತಿತ್ತು.

ಅಂದೇ ಝೆಲಾ ಬಂದು ನೋಡಿದಳು. ಅವಳ ಮುಖ ಒಂದು ಕ್ಷಣ ಬಿಳಚಿತು. ಆದರೆ ಮಾತು ತಡವರಿಸಲಿಲ್ಲ.

"ಥಂಡಿ ಹೊಕ್ಕಿದೆ. ಬರೋವಾಗ ಸ್ವಲ್ಪ ಒತ್ತಿತಲ್ಲ. ಎಣ್ಣೆ ಹಚ್ಚಿ ನೆಟ್ಟಗೆ ಎಳೆದು ಬಿಗಿಯಾಗಿ ಕಟ್ಟು. ನಲವತ್ತಕ್ಕೆ ಬಿಚ್ಚಿದಾಗ ಎರಡೂ ಕೈ ಒಂದೇ ಸಮ ಇರ್ತವೆ."

"ಪೇಟೆ ಡಾಕ್ಟರಿಗೆ ತೋರಿಸೋಣ ಅಜ್ಜೀ."

ಬಾಗಿಲಲ್ಲಿ ನಿಂತಿದ್ದ ಸ್ತಾನಾ ಉತ್ತರ ಕೊಟ್ಟಳು. "ಪುರುಡಿನ ಹೆಂಗಸು ಹೊಸಿಲು ದಾಟಿ ಇಪ್ಪತ್ತೆರಡು ಕಿಲೋಮೀಟರ್ ಹೋಗ್ತಾಳಂತೆ! ದಾರೀಲಿರೋ ಬಾವಿಯೆಲ್ಲ ಬತ್ತಲಿ ಅಂತಾನಾ? ನಲವತ್ತು ತುಂಬಲಿ. ಪಾದ್ರಿ ಪ್ರಾರ್ಥನೆ ಹೇಳಲಿ. ಆಮೇಲೆ ಬೇಕಾದ್ರೆ ರಾಜನ ಹತ್ರಾನೇ ಹೋಗು."

ರಾಯ್ನಾ ಗಂಡನಿಗೆ ಹೇಳಿದಳು. ಪೆಂಚೊ ಕೆಟ್ಟವನಲ್ಲ. ಕೆಲಸದ ಕೊಟ್ಟಿಗೆಯಿಂದ ಕೈ ತೊಳೆದುಕೊಂಡು ಬಂದು, ಒರಟು ಬೆರಳಿನಿಂದ ಆ ಕೈಯನ್ನು ಮುಟ್ಟಿ ಮುಟ್ಟಿ ನೋಡಿದನು. ಗಾಲಿಯ ಸುತ್ತು ಮಾಡುವ ಮರವನ್ನು ಹಬೆಯಲ್ಲಿ ಬಗ್ಗಿಸಿ, ಹಗ್ಗದಿಂದ ಬಿಗಿದು, ಒಣಗುವವರೆಗೆ ಮುಟ್ಟದೆ ಬಿಡುವುದು ಅವನ ಕಸುಬು.

"ನೋಡು ರಾಯ್ನಾ, ಹಸೀ ಮರ. ಹಸೀದರಲ್ಲಿ ಕಟ್ಟಿದ್ದು ನಿಲ್ಲುತ್ತೆ. ನಡುವೆ ಬಿಚ್ಚಿದೋನು ಕೆಟ್ಟ. ಅಮ್ಮ ಹೇಳೋದು ಸರಿ ಅನ್ಸುತ್ತೆ ನಂಗೆ."

ಅದು ಅವಳಿಗೂ ಸರಿ ಎನಿಸಿತು. ಸೂಲಗಿತ್ತಿಯ ಅನುಭವ, ಗಂಡನ ಕಸುಬು, ತಾನೇ ನೇಯ್ದ ಪಟ್ಟಿ, ಮೂರೂ ಒಂದೇ ಮಾತು ಹೇಳುತ್ತಿರುವಾಗ ಬೇರೆ ಯಾವುದನ್ನು ನಂಬುವುದು? ಅವಳು ಕೈಯನ್ನು ಕೆಳಕ್ಕೆ ಎಳೆದು, ಪಕ್ಕೆಗೆ ಒತ್ತಿ, ಸ್ತಾನಾ ಕಟ್ಟುತ್ತಿದ್ದುದಕ್ಕಿಂತ ಎರಡು ಸುತ್ತು ಹೆಚ್ಚು ಹಾಕಿ ಬಿಗಿದಳು.

ಆದರೂ ಸ್ನಾನ ಮಾಡಿಸುವಾಗಲೆಲ್ಲ ಕೈ ಬೀಳುತ್ತಲೇ ಇತ್ತು. ಹನ್ನೆರಡನೆಯ ದಿನ, ನವೆಂಬರ್ ಇಪ್ಪತ್ತೊಂದರ ಶನಿವಾರ, ದೇವದೂತ ಮಿಖಾಯಿಲನ ಹಬ್ಬ. ಊರೆಲ್ಲ ಚರ್ಚಿನಲ್ಲಿತ್ತು. ರಾಯ್ನಾ ಕೂಸನ್ನು ಶಾಲಿನಲ್ಲಿ ಬೆನ್ನಿಗೆ ಕಟ್ಟಿಕೊಂಡು ಮನೆ ಬಿಟ್ಟಳು. ಒಳಗೆ ಹರಿದದ್ದನ್ನು ಯಾರೂ ಹೊಲಿದಿರಲಿಲ್ಲ. ಸೇತುವೆ ತಲುಪುವಷ್ಟರಲ್ಲಿ ಕಾಲುಚೀಲ ರಕ್ತದಲ್ಲಿ ನೆನೆದಿತ್ತು. ಅಲ್ಲಿ ಕಲ್ಲಿನ ಮೇಲೆ ಕುಳಿತಳು. ಪೇಟೆಗೆ ಸೇಬು ಒಯ್ಯುತ್ತಿದ್ದ ಗಾಡಿಯೊಂದು ಬಂತು. ಓಡಿಸುತ್ತಿದ್ದವನು ದಾನ್ಯೊ, ಅವನ ನಾಲ್ಕು ಗಾಲಿಗಳೂ ಪೆಂಚೊ ಮಾಡಿದವು.

"ದಾನ್ಯೊ ಮಾವ, ನನ್ನನ್ನ ಡಾಕ್ಟರ ಹತ್ರ ಬಿಡು. ಕೂಸಿನ ಕೈ ಸರಿಯಿಲ್ಲ."

ದಾನ್ಯೊ ಮುಖ ಆಚೆ ತಿರುಗಿಸಿ, ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡನು. "ಅಯ್ಯೋ ತಾಯಿ, ನಿಂಗೆ ಎಷ್ಟು ದಿನ?"

"ಹನ್ನೆರಡು."

"ಹನ್ನೆರಡು ದಿನದೋಳನ್ನ ಗಾಡಿಗೆ ಹತ್ತಿಸಿದ್ರೆ ನನ್ನ ಎತ್ತು ಬದುಕ್ತವಾ? ನಂಗೂ ಐದು ಮಕ್ಕಳಿವೆ, ರಾಯ್ನಾ. ಕೂಸಿಗೇನು, ದುಂಡಗಿದೆ, ಕೆಂಪಗಿದೆ. ಮನೆಗೆ ಹೋಗು. ನಲವತ್ತು ತುಂಬಿದ ಮರುದಿನ ನಾನೇ ಬಂದು ಕರ್ಕೊಂಡು ಹೋಗ್ತೀನಿ, ದೇವರಾಣೆ."

ಗಾಡಿ ಹೋಯಿತು. ಪೇಟೆಗೆ ಇನ್ನೂ ಇಪ್ಪತ್ತೊಂದು ಕಿಲೋಮೀಟರ್ ಇತ್ತು. ಅವಳು ಎದ್ದು ನಿಂತಳು. ನೂರು ಹೆಜ್ಜೆ ಮುಂದಕ್ಕೂ ಹೋದಳು. ಕಣ್ಣು ಕತ್ತಲೆ ಬಂತು. ಪೂಜೆ ಮುಗಿಸಿ ಹುಡುಕಿಕೊಂಡು ಬಂದ ಸ್ತಾನಾ ಅವಳನ್ನು ರಸ್ತೆಯ ಬದಿಯಲ್ಲಿ ಕಂಡಳು; ಬೈಯಲಿಲ್ಲ, ಹೊಡೆಯಲಿಲ್ಲ. ಕೂಸನ್ನು ಎತ್ತಿಕೊಂಡು, ಸೊಸೆಯ ತೋಳು ಹಿಡಿದು, ಯಾರೂ ನೋಡದಂತೆ ಹಿತ್ತಲಿನ ದಾರಿಯಲ್ಲಿ ಮನೆಗೆ ತಂದಳು. ಮರುದಿನ ಇಬ್ಬರೂ ಸೇರಿ ಹೊಸ ಪಟ್ಟಿ ಬಿಗಿದರು.

ನಲವತ್ತನೆಯ ದಿನ ಡಿಸೆಂಬರ್ ಹತ್ತೊಂಬತ್ತರ ಶನಿವಾರ ಬಿತ್ತು. ಅಂದೇ ಸಂತ ನಿಕೊಲಾಯನ ಹಬ್ಬ. ಪಾದ್ರಿ ಚರ್ಚಿನ ಹೊಸಿಲಲ್ಲಿ ಪ್ರಾರ್ಥನೆ ಹೇಳಿ ತಾಯಿಯನ್ನೂ ಕೂಸನ್ನೂ ಒಳಗೆ ಕರೆದುಕೊಂಡನು. ದಾನ್ಯೊ ಮಾತು ಉಳಿಸಿಕೊಂಡನಾದರೂ ಮರುದಿನ ಭಾನುವಾರವಾದ್ದರಿಂದ ಅವರು ಪೇಟೆಗೆ ಹೋದದ್ದು ಇಪ್ಪತ್ತೊಂದರ ಸೋಮವಾರ.

ಡಾಕ್ಟರು ವಯಸ್ಸಾದವರು. ಕಟ್ಟು ಬಿಚ್ಚುತ್ತಿದ್ದಂತೆ ಅವರ ಬೆರಳುಗಳು ನಿಧಾನವಾದವು. ಎಡಭುಜದ ಮಾಂಸ ಬತ್ತಿ, ಆ ದೊಡ್ಡ ಮೈಗೆ ಬೇರೆ ಯಾವುದೋ ಬಡಕೂಸಿನ ಕೈ ಅಂಟಿಸಿದಂತಿತ್ತು.

"ಇದನ್ನ ಯಾವಾಗ ನೋಡಿದ್ರಿ?"

"ಮೂರನೇ ದಿನ," ಎಂದಳು ರಾಯ್ನಾ.

"ಮೂರನೇ ದಿನ! ಹಾಗಿದ್ರೆ ಇಷ್ಟು ದಿನ ಏನು ಮಾಡ್ತಿದ್ದೆ ತಾಯಿ?"

"ನಾನು ಪುರುಡಲ್ಲಿದ್ದೆ."

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಕುತ್ತಿಗೆಯಿಂದ ಕೈಗೆ ಇಳಿಯೋ ನರ ಎಳೆತಕ್ಕೆ ಸಿಕ್ಕಿ ಕೆಟ್ಟಿದೆ. ಹೆರಿಗೇಲಿ ಆದದ್ದಕ್ಕೆ ಯಾರನ್ನೂ ಬೈಯಲ್ಲ. ಇಷ್ಟು ದೊಡ್ಡ ಕೂಸು ಜೀವಂತ ಬಂತಲ್ಲ, ನೀನೂ ಉಳಿದ್ಯಲ್ಲ, ಆ ಸೂಲಗಿತ್ತಿಗೆ ನಮಸ್ಕಾರ. ಆದ್ರೆ ಈ ಕೈಯನ್ನ ಮೇಲಕ್ಕೆತ್ತಿ ಹಲಗೆ ಕಟ್ಟಬೇಕಾಗಿತ್ತು. ಬಿಚ್ಚಿ ದಿನಾ ಆಡಿಸಬೇಕಾಗಿತ್ತು. ನೀವು ಕೆಳಗೆ ಎಳೆದು ಬಿಗಿದಿದೀರಿ, ಅದೂ ಇಷ್ಟು ದಿನ."

"ಈಗ ಮೇಲೆ ಕಟ್ಟಿದ್ರೆ?"

"ಕಟ್ಟಿಕೊಡ್ತೀನಿ. ಆಸೆ ಇಟ್ಕೋಬೇಡ."

ಆಸೆ ಇಟ್ಟುಕೊಳ್ಳದೆ ಇರಲು ಅವಳಿಗೆ ಎಂಟು ತಿಂಗಳು ಹಿಡಿಯಿತು. ಹಲಗೆ ಕಟ್ಟಿದಳು, ಬಿಸಿನೀರಿನಲ್ಲಿ ಆಡಿಸಿದಳು, ಎಣ್ಣೆ ತಿಕ್ಕಿದಳು. 1937ರ ಆಗಸ್ಟಿನಲ್ಲಿ ಹುಡುಗ ಕೂರಲು ಕಲಿತಾಗ ಎಡಕ್ಕೆ ವಾಲಿ ಬೀಳುತ್ತಿದ್ದನು, ಕೈ ಊರಲು ಆಗುತ್ತಿರಲಿಲ್ಲ. ಅಂದು ಅವಳು ಮಗ್ಗದ ಮೇಲಿದ್ದ ಕಟ್ಟುಪಟ್ಟಿಯನ್ನು ಕೊಯ್ದು ಒಲೆಗೆ ಹಾಕಿದಳು. ಮತ್ತೆಂದೂ ನೇಯಲಿಲ್ಲ. ಅವಳಿಗೆ ಮತ್ತೆ ಬಸಿರೂ ನಿಲ್ಲಲಿಲ್ಲ. ಹೆರಿಗೆಯಲ್ಲಿ ಹರಿದದ್ದು ಕೂಡಿಕೊಳ್ಳದೆ, ಮಲಮೂತ್ರ ತಡೆದುಕೊಳ್ಳುವ ಶಕ್ತಿ ಅವಳ ಮೈಗೆ ಇರಲಿಲ್ಲ. ಚರ್ಚಿನಲ್ಲಿ ಕೊನೆಯ ಸಾಲಿನಲ್ಲಿ, ಬಾಗಿಲ ಪಕ್ಕ ನಿಲ್ಲುವುದನ್ನು ರೂಢಿ ಮಾಡಿಕೊಂಡಳು. ಸೊಕ್ಕಿನವಳು, ಯಾರ ಪಕ್ಕಕ್ಕೂ ಬರುವುದಿಲ್ಲ ಎಂದು ಹೆಂಗಸರು ಅಂದುಕೊಂಡರು.

ಮಗ ವೆಲ್ಚೊ, ಅಜ್ಜನ ಹೆಸರಿನೊಂದಿಗೆ ಅಜ್ಜನ ಮೈಕಟ್ಟನ್ನೂ ಪಡೆದು ಬೆಳೆದನು. ಹದಿನೆಂಟಕ್ಕೆ ತಂದೆಗಿಂತ ಒಂದು ಗೇಣು ಎತ್ತರ. ಆದರೆ ಗಾಲಿ ಮಾಡಲು ಎರಡು ಕೈ ಬೇಕು. ಪೆಂಚೊ ಅವನಿಗೆ ಉಳಿ ಕೊಟ್ಟು ನೋಡಿ, ಮೂರನೆಯ ದಿನ ತಾನೇ ಹಿಂದಕ್ಕೆ ತೆಗೆದುಕೊಂಡನು. ಹುಡುಗ ಕುರಿ ಕಾಯ್ದನು. ಯಾರಾದರೂ ಕೇಳಿದರೆ ಸ್ತಾನಾ ಹೇಳಿಕೊಟ್ಟ ಕಥೆಯನ್ನು ಹೇಳುತ್ತಿದ್ದನು: ಹುಟ್ಟಿದ ಮರುದಿನ ಒಬ್ಬಳು ಉಗುಳದೆ ಹೊಗಳಿದಳು, ಆ ದೃಷ್ಟಿ ಕೈಗೆ ತಾಗಿತು. ಝೆಲಾ 1944ರಲ್ಲಿ ತೀರಿಕೊಂಡಳು, ಸ್ತಾನಾ 1949ರಲ್ಲಿ. ಕಥೆ ಉಳಿಯಿತು. ರಾಯ್ನಾ ಅದನ್ನು ತಿದ್ದಲಿಲ್ಲ.

1956ನೆಯ ಇಸವಿ ಮಾರ್ಚ್ ಹನ್ನೆರಡರ ಸೋಮವಾರ ಸೈನ್ಯಕ್ಕೆ ಹುಡುಗರನ್ನು ಆರಿಸುವ ಮಂಡಳಿ ಪೇಟೆಯಲ್ಲಿ ಕುಳಿತಿತ್ತು. ಹಳ್ಳಿಯಿಂದ ಆರು ಹುಡುಗರು ಅಕಾರ್ಡಿಯನ್ ಬಾರಿಸುತ್ತ ಹೋದರು; ಸಂಜೆ ಐವರು ಬಾರಿಸುತ್ತ ಬಂದರು. ವೆಲ್ಚೊ ಅವರಿಗಿಂತ ಮೊದಲೇ, ಒಬ್ಬನೇ, ಹೊಲದ ಮೇಲಿಂದ ನಡೆದು ಬಂದಿದ್ದನು. ಕಾಗದವನ್ನು ತಾಯಿಯ ಮುಂದೆ ಮೇಜಿನ ಮೇಲಿಟ್ಟನು.

"ಓದ್ಲಾ? 'ಹೆರಿಗೆಯ ಕಾಲದ ಗಾಯ. ಎಳವೆಯಲ್ಲಿ ಆರೈಕೆಯಾಗಿಲ್ಲ.' ಅಲ್ಲಿ ಡಾಕ್ಟರು ಎಲ್ಲರೆದುರಿಗೆ ಅಂದ್ರು, 'ಯಾರಪ್ಪ ನಿನ್ನನ್ನ ಹೀಗೆ ಕಟ್ಟಿ ಹಾಕಿದ್ದು?' ಅಂತ. ದೃಷ್ಟಿ ಅಂದೆ. ನಕ್ಕರು, ಅಮ್ಮ. ಎಲ್ಲರೂ."

ರಾಯ್ನಾ ಕಾಗದವನ್ನು ತನ್ನ ಕಡೆಗೆ ಎಳೆದುಕೊಂಡಳು.

"ಅಜ್ಜಿ ಅಲ್ವಾ? ಅಜ್ಜಿ ತಾನೆ ಕಟ್ಟಿದ್ದು? ನಿನ್ನನ್ನ ಬಿಡಲಿಲ್ಲ, ಹೌದಾ?"

ಹೌದು ಎಂದುಬಿಟ್ಟರೆ ಸಾಕಿತ್ತು. ಸತ್ತವಳು ಎದ್ದು ಬಂದು ವಾದಿಸುವಂತಿರಲಿಲ್ಲ. ಹತ್ತೊಂಬತ್ತು ವರ್ಷ ತನ್ನನ್ನೇ ನಂಬಿ ಬೆಳೆದ ಈ ಒಬ್ಬನನ್ನು ಉಳಿಸಿಕೊಳ್ಳಲು ಅವಳಿಗೆ ಬೇಕಾದದ್ದು ಆ ಒಂದು ಮಾತು. ಪೆಂಚೊ ಒಲೆಯ ಪಕ್ಕದಿಂದ ಕಣ್ಣಲ್ಲೇ, ಹೇಳು, ಎಂದನು.

"ಮೂರನೇ ದಿನ ನಾನೇ ಬಿಚ್ಚಿ ನೋಡಿದೆ ಕಣೋ," ಎಂದಳು ರಾಯ್ನಾ. "ಕೈ ಬೀಳ್ತಿತ್ತು. ನಂಗೆ ಗೊತ್ತಾಯ್ತು. ನಾನೇ ಮತ್ತೆ ಕಟ್ಟಿದೆ. ಅವರಿಗಿಂತ ಬಿಗಿಯಾಗಿ."

"ಯಾಕೆ?"

"ನೆಟ್ಟಗಾಗುತ್ತೆ ಅಂದ್ಕೊಂಡೆ."

ಅವನು ಕಾಗದವನ್ನು ಹಿಂದಕ್ಕೆ ತೆಗೆದುಕೊಂಡು ಬಲಗೈಯಿಂದಲೇ ಮಡಿಸಿದನು. ಸೇತುವೆಯವರೆಗೆ ಹೋದದ್ದನ್ನು, ರಕ್ತವನ್ನು, ದಾನ್ಯೊನ ಗಾಡಿಯನ್ನು ಹೇಳಬಹುದಿತ್ತು. ಅದೆಲ್ಲ ನೆಪವೆಂದು ಅವಳಿಗೇ ಅನ್ನಿಸಿತು, ಹೇಳಲಿಲ್ಲ.

ಮರುದಿನ, ಹದಿಮೂರರ ಮಂಗಳವಾರ, ಬೆಳಿಗ್ಗೆ ಆರೂಕಾಲಕ್ಕೆ ಅವನು ಪೇಟೆಯಲ್ಲಿ ಕೆಲಸ ಹುಡುಕುತ್ತೇನೆಂದು ಹೊರಟನು. ಅಂಗಿಯ ಬಲತೋಳಿನ ತುದಿಯ ಗುಂಡಿಯನ್ನು ಹಾಕಿಕೊಳ್ಳಲು ಎಡಗೈಗೆ ಬಲವಿಲ್ಲದ್ದರಿಂದ ಅದನ್ನು ದಿನವೂ ಹಾಕುತ್ತಿದ್ದವಳು ಅವಳು. ಅಂದೂ ಹತ್ತಿರ ಹೋಗಿ ಕೈ ಚಾಚಿದಳು. ಅವನು ಒಂದು ಹೆಜ್ಜೆ ಹಿಂದಕ್ಕೆ ಸರಿದು, ಮಣಿಕಟ್ಟನ್ನು ಬಾಯಿಗೆ ತಂದು, ಹಲ್ಲಿನಿಂದ ಗುಂಡಿ ಹಾಕಿಕೊಳ್ಳಲು ತೊಡಗಿದನು. ಜಾರಿತು. ಮತ್ತೆ ಹಿಡಿದನು, ಮತ್ತೆ ಜಾರಿತು. ಏಳನೆಯ ಸಲಕ್ಕೆ ಸಿಕ್ಕಿತು. ರಾಯ್ನಾ ಎಣಿಸುತ್ತ ನಿಂತಿದ್ದಳು.